ಆಟೋಪೈಲಟ್ ಕೈಕೊಟ್ಟಾಗ: ವಿಮಾನ ಹಾರಿಸುತ್ತಲೇ ದೋಷ ಹುಡುಕುವ ಬಗೆ

ರಸ್ತೆಯಲ್ಲಿ ಎಂಜಿನ್ ಕೆಟ್ಟರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ ಬಾನೆಟ್ ಎತ್ತಿ ನೋಡಬಹುದು. ಹತ್ತು ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ 800 ಕಿಲೋಮೀಟರಿಗೂ ಮೀರಿದ ವೇಗದಲ್ಲಿ ಸಾಗುತ್ತಿರುವ ವಿಮಾನಕ್ಕೆ ನಿಲ್ಲಲು ಜಾಗವಿಲ್ಲವಾದ್ದರಿಂದ, ದೋಷವನ್ನು ಹುಡುಕುವ ಕೆಲಸವೂ ವಿಮಾನವನ್ನು ಹಾರಿಸುವ ಕೆಲಸವೂ ಕಾಕ್‌ಪಿಟ್ಟಿನಲ್ಲಿರುವ ಅದೇ ಇಬ್ಬರ ಕೈಯಲ್ಲಿ, ಅದೇ ನಿಮಿಷಗಳಲ್ಲಿ ನಡೆಯಬೇಕಾಗುತ್ತದೆ. ವಿಮಾನವನ್ನು ತಾನೇ ಹಾರಿಸುವ ಆಟೋಪೈಲಟ್, ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಾಟಲ್ (ಏರ್‌ಬಸ್‌ನಲ್ಲಿ ಆಟೋಥ್ರಸ್ಟ್), ಮೂಗನ್ನು ಎತ್ತ ಹಿಡಿಯಬೇಕೆಂದು ಪರದೆಯ ಮೇಲೆ ಗೆರೆಗಳಿಂದ ಸೂಚಿಸುವ ಫ್ಲೈಟ್ ಡೈರೆಕ್ಟರ್ ಮುಂತಾದ ಸ್ವಯಂಚಾಲಿತ ಸಲಕರಣೆಗಳಲ್ಲಿ ಒಂದೋ ಎರಡೋ ಕೆಲಸ ನಿಲ್ಲಿಸಿದಾಗ ದೋಷವನ್ನು ಯಾವ ಕ್ರಮದಲ್ಲಿ ಬಿಡಿಸಿ ನೋಡಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಇಬ್ಬರು ಪೈಲಟ್‌ಗಳ ಜೆಟ್ ವಿಮಾನಗಳನ್ನು, ಅದರಲ್ಲೂ ನಮ್ಮ ದೇಶದಲ್ಲಿ ಹೆಚ್ಚಾಗಿ ಹಾರುವ ಏರ್‌ಬಸ್ ಎ320 ಮತ್ತು ಬೋಯಿಂಗ್ 737 ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ಆಯಾ ವಿಮಾನದ ಅಧಿಕೃತ ಕೈಪಿಡಿಯಲ್ಲಿ ಬೇರೆ ಮಾತಿದ್ದರೆ ಅದೇ ಅಂತಿಮವೆಂದು ತಿಳಿಯಬೇಕು.

ಮುಂದಿನದಕ್ಕೆಲ್ಲ ಆಧಾರವಾದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಪೂರ್ತಿ ಸತ್ತ ಆಟೋಪೈಲಟ್ಟಿನಿಂದ ಆಗುವ ಅಪಾಯ ಸಣ್ಣದು, ಏಕೆಂದರೆ ಅದು ಸತ್ತಿದೆಯೆಂದು ಎಲ್ಲರಿಗೂ ಗೊತ್ತಿರುತ್ತದೆ. ಅರ್ಧ ಕೆಲಸ ಮಾಡುತ್ತಿರುವ ಯಂತ್ರದಿಂದ ಆಗುವ ಅಪಾಯ ದೊಡ್ಡದು. ಆದ್ದರಿಂದ ಏನು ಕೆಟ್ಟಿದೆ ಎಂದು ಕೇಳುವ ಮುನ್ನ, ಏನು ಇನ್ನೂ ಕೆಲಸ ಮಾಡುತ್ತಿದೆ ಮತ್ತು ಅದು ಯಾವ ಸಂವೇದಕದ ಮಾತು ಕೇಳಿಕೊಂಡು ಮಾಡುತ್ತಿದೆ ಎಂದು ಕೇಳಬೇಕು.

ಹೊರಡುವ ಮೊದಲೇ ಗೊತ್ತಿರುವ ದೋಷ

ಕೆಲವು ಸಲಕರಣೆಗಳು ಕೆಟ್ಟಿದ್ದರೂ ವಿಮಾನ ಹೊರಡಬಹುದು. ಯಾವುದು ಕೆಟ್ಟರೆ ಹೊರಡಬಹುದು, ಯಾವ ಷರತ್ತಿನ ಮೇಲೆ, ಎಷ್ಟು ದಿನದವರೆಗೆ ಎಂಬುದನ್ನು ಮಿನಿಮಮ್ ಇಕ್ವಿಪ್‌ಮೆಂಟ್ ಲಿಸ್ಟ್ ಎಂಬ ಪಟ್ಟಿ ನಿಗದಿ ಮಾಡುತ್ತದೆ. ಎಂಇಎಲ್ ಎಂದೇ ಎಲ್ಲರ ಬಾಯಲ್ಲಿರುವ ಈ ಪಟ್ಟಿಯನ್ನು ವಿಮಾನ ಸಂಸ್ಥೆ ಸಿದ್ಧಪಡಿಸುತ್ತದೆ, ಭಾರತದಲ್ಲಿ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಒಪ್ಪಿಗೆ ಕೊಡುತ್ತದೆ. ದೋಷ ಕಂಡ ದಿನವನ್ನು ಬಿಟ್ಟು ಎಣಿಸಿದರೆ ಬಿ ವರ್ಗದ ದುರಸ್ತಿಗೆ 3 ದಿನ, ಸಿ ವರ್ಗಕ್ಕೆ 10 ದಿನ, ಡಿ ವರ್ಗಕ್ಕೆ 120 ದಿನಗಳ ಗಡುವಿದೆ. ಎ ವರ್ಗಕ್ಕೆ ಆಯಾ ಸಲಕರಣೆಯ ಎದುರಿನಲ್ಲೇ ಗಡುವನ್ನು ಬರೆದಿರುತ್ತಾರೆ.

ಇಲ್ಲಿ ಪೈಲಟ್‌ಗಳು ಎಡವುವುದು ಪಟ್ಟಿಯನ್ನು ಓದುವುದರಲ್ಲಿ ಅಲ್ಲ, ಒಂದು ದೋಷದ ಬಾಲ ಎಲ್ಲಿಯವರೆಗೆ ಹೋಗುತ್ತದೆ ಎಂದು ನೋಡದೆ ಇರುವುದರಲ್ಲಿ. ಉದಾಹರಣೆಗೆ, ಜನವರಿಯ ಒಂದು ಮುಂಜಾನೆ ಬೆಂಗಳೂರಿನಿಂದ ದೆಹಲಿಗೆ ಹೊರಡಬೇಕಾದ ವಿಮಾನದಲ್ಲಿ ಎರಡೂ ಆಟೋಪೈಲಟ್‌ಗಳು ನಿಷ್ಕ್ರಿಯವಾಗಿವೆ, ಆದರೂ ಷರತ್ತುಗಳೊಡನೆ ಹೊರಡಲು ಪಟ್ಟಿಯಲ್ಲಿ ಅವಕಾಶವಿದೆ ಎಂದಿಟ್ಟುಕೊಳ್ಳೋಣ. 29,000 ಅಡಿಯಿಂದ 41,000 ಅಡಿಯವರೆಗೆ ವಿಮಾನಗಳ ನಡುವೆ ಕೇವಲ 1,000 ಅಡಿ ಅಂತರವಿಟ್ಟು ಹಾರಿಸುವ ವಲಯದಲ್ಲಿ ಎತ್ತರವನ್ನು ತಾನೇ ಕಾಯ್ದುಕೊಳ್ಳುವ ಸಲಕರಣೆ ಕಡ್ಡಾಯವಾದ್ದರಿಂದ ಈ ವಿಮಾನ ಅಲ್ಲಿಗೆ ಏರುವಂತಿಲ್ಲ. ಕೆಳಗಿನ ದಟ್ಟ ಗಾಳಿಯಲ್ಲಿ ಹಾರಿದರೆ ಸುಮಾರು 1,700 ಕಿಲೋಮೀಟರ್ ದಾರಿಗೆ ಇಂಧನ ಹೆಚ್ಚು ಬೇಕು. ದೆಹಲಿಯಲ್ಲಿ ಮಂಜು ಕವಿದರೆ ಬಹಳ ಕಡಿಮೆ ಗೋಚರತೆಯಲ್ಲೂ ಆಟೋಪೈಲಟ್ ನೆರವಿನಿಂದ ಇಳಿಯುವ ಕ್ಯಾಟ್ 3 ಇಳಿತ ಈ ವಿಮಾನಕ್ಕೆ ಲಭ್ಯವಿಲ್ಲ. ಕನಿಷ್ಠ 550 ಮೀಟರ್ ರನ್‌ವೇ ದೃಗ್ಗೋಚರತೆ ಮತ್ತು 200 ಅಡಿ ನಿರ್ಧಾರದ ಎತ್ತರ (ಅಷ್ಟರೊಳಗೆ ರನ್‌ವೇ ಕಾಣದಿದ್ದರೆ ಮತ್ತೆ ಮೇಲೇರಬೇಕಾದ ಎತ್ತರ) ಬೇಡುವ ಕ್ಯಾಟ್ 1 ಇಳಿತವೊಂದೇ ಉಳಿಯುತ್ತದೆ. ಆದ್ದರಿಂದ ಮಂಜಿಲ್ಲದ ಊರೊಂದನ್ನು ಪರ್ಯಾಯವಾಗಿ ಇಟ್ಟುಕೊಳ್ಳಬೇಕು, ಅಲ್ಲಿಗೆ ಹೋಗಲು ಮತ್ತೆ ಇಂಧನ ಬೇಕು. ಇಷ್ಟು ದೂರವನ್ನು ಕೈಯಲ್ಲೇ ಹಾರಿಸಿದ ದಣಿವಿನ ಮೇಲೆ ಮಂಜಿನಲ್ಲಿ ಇಳಿಯುವ ಪ್ರಸಂಗ ಬಂದರೆ ಹೇಗೆ ಎಂಬುದು ಯಾವ ಪಟ್ಟಿಯಲ್ಲೂ ಇರುವುದಿಲ್ಲ. ಅದನ್ನು ಕ್ಯಾಪ್ಟನ್ ತಾನೇ ತೂಗಿ ನೋಡಿ, ಬೇಡವೆನಿಸಿದರೆ ಬೇಡವೆನ್ನಬೇಕು. ಎರಡು ಬೇರೆ ಬೇರೆ ಸಲಕರಣೆಗಳು ಕೆಟ್ಟಿದ್ದು, ಒಂದೊಂದಕ್ಕೂ ಪಟ್ಟಿಯಲ್ಲಿ ಅನುಮತಿ ಇದ್ದರೂ, ಎರಡೂ ಕೂಡಿದಾಗ ಏನಾಗುತ್ತದೆ ಎಂದು ಇದೇ ರೀತಿ ಸರಪಳಿ ಹಿಡಿದು ನೋಡಬೇಕು.

ಹಾರಾಟದಲ್ಲಿ ಆಟೋಪೈಲಟ್ ಕಳಚಿಕೊಂಡಾಗ: ಮೊದಲ ನಿಮಿಷ

ಲಕ್ಷಣ ಸ್ಪಷ್ಟವಾಗಿರುತ್ತದೆ: ಕೆಂಪು ದೀಪ ಹತ್ತುತ್ತದೆ, ಎಚ್ಚರಿಕೆಯ ಸದ್ದು ಮೊಳಗುತ್ತದೆ, ಸ್ವಯಂಚಾಲಿತ ಸಲಕರಣೆಗಳ ಮೋಡ್, ಅಂದರೆ ಅವು ಈಗ ಯಾವ ಕೆಲಸದಲ್ಲಿವೆ ಎಂಬುದನ್ನು, ತೋರಿಸುವ ಪರದೆಯ ಪಟ್ಟಿಯಿಂದ ಆಟೋಪೈಲಟ್ಟಿನ ಹೆಸರು ಮಾಯವಾಗುತ್ತದೆ. ಈ ನಿಮಿಷದಲ್ಲಿ ಕಾರಣ ಹುಡುಕಬಾರದು. ಒಬ್ಬರು ವಿಮಾನ ತಮ್ಮ ಕೈಯಲ್ಲಿದೆ ಎಂದು ಗಟ್ಟಿಯಾಗಿ ಹೇಳಿ, ಮೂಗನ್ನೂ ರೆಕ್ಕೆಗಳನ್ನೂ ಏರಿಳಿಸುವ ಕಡ್ಡಿಯನ್ನು ಮೃದುವಾಗಿ ಹಿಡಿದು, ಕಳಚಿಕೊಳ್ಳುವ ಮೊದಲು ಮೂಗು ಎಷ್ಟು ಡಿಗ್ರಿ ಮೇಲಿತ್ತೋ ಅಲ್ಲೇ ನಿಲ್ಲಿಸಿ, ರೆಕ್ಕೆಗಳನ್ನು ಸಮತಟ್ಟಾಗಿಟ್ಟು, ಎಂಜಿನ್ನುಗಳ ಶಕ್ತಿ ಎಷ್ಟಿದೆಯೆಂದು ನೋಡಬೇಕು. ಎತ್ತರದಲ್ಲಿ ನೇರವಾಗಿ ಹಾರುವಾಗ ಜೆಟ್ ವಿಮಾನದ ಮೂಗು ಸಾಮಾನ್ಯವಾಗಿ ಎರಡೂವರೆ ಡಿಗ್ರಿ ಆಸುಪಾಸಿನಲ್ಲಿ ಮೇಲಿರುತ್ತದೆ. ಆ ಸಂಖ್ಯೆ ಪೈಲಟ್ಟಿಗೆ ತನ್ನ ಮನೆಯ ಬಾಗಿಲಿನ ಎತ್ತರದಷ್ಟು ಪರಿಚಿತವಾಗಿರಬೇಕು. ಗಾಳಿ ತೆಳುವಾದ ಆ ಎತ್ತರದಲ್ಲಿ ಕಡ್ಡಿಯ ಸಣ್ಣ ಚಲನೆಗೂ ವಿಮಾನ ದೊಡ್ಡದಾಗಿ ಸ್ಪಂದಿಸುವುದರಿಂದ, ಇಳಿಯುವಾಗ ಅಭ್ಯಾಸವಾದ ಕೈ ಇಲ್ಲಿ ಒರಟಾಗುತ್ತದೆ.

ಕೈಗೆ ತೆಗೆದುಕೊಂಡ ವಿಮಾನ ಒಂದು ಕಡೆಗೆ ಬಲವಾಗಿ ಜಗ್ಗಿದರೆ, ಆಟೋಪೈಲಟ್ ಅಷ್ಟು ಹೊತ್ತು ಇನ್ನೊಂದು ದೋಷವನ್ನು ಮುಚ್ಚಿಟ್ಟುಕೊಂಡಿತ್ತು ಎಂದೇ ಅರ್ಥ. 1985ರ ಫೆಬ್ರುವರಿ 19ರಂದು ಚೀನಾ ಏರ್‌ಲೈನ್ಸ್ 006 ಎಂಬ ಬೋಯಿಂಗ್ 747ಎಸ್‌ಪಿ ವಿಮಾನ ಪೆಸಿಫಿಕ್ ಸಾಗರದ ಮೇಲೆ 41,000 ಅಡಿಯಲ್ಲಿದ್ದಾಗ ಬಲ ತುದಿಯ ಎಂಜಿನ್ ಶಕ್ತಿ ಕಳೆದುಕೊಂಡಿತು. ಆ ಆಟೋಪೈಲಟ್ಟಿಗೆ ಬಾಲದ ಚುಕ್ಕಾಣಿಯಾದ ರಡ್ಡರ್ ಮೇಲೆ ಹಿಡಿತವಿರಲಿಲ್ಲ. ವಿಮಾನವನ್ನು ಓರೆ ಮಾಡುವ ರೆಕ್ಕೆಯ ಏಲೆರಾನ್‌ಗಳಿಂದಲೇ ಅದು ವಿಮಾನವನ್ನು ನೆಟ್ಟಗಿಡಲು ಹೆಣಗುತ್ತಿದ್ದಾಗ ವೇಗ ಕುಸಿಯುತ್ತ ಹೋಯಿತು. ಕೊನೆಗೆ ಕ್ಯಾಪ್ಟನ್ ಆಟೋಪೈಲಟ್ ಕಳಚಿದಾಗ ವಿಮಾನ ಮಗುಚಿ ಮೋಡದೊಳಗೆ ಬಿದ್ದು, ಸುಮಾರು 9,500 ಅಡಿಯಲ್ಲಿ ಮಾತ್ರ ಹತೋಟಿಗೆ ಬಂತು. ಎಲ್ಲರೂ ಬದುಕಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಳಿದರು. ಆದ್ದರಿಂದ ಬೋಯಿಂಗ್ ವಿಮಾನದಲ್ಲಿ ಆಟೋಪೈಲಟ್ ಕಳಚುವ ಮುನ್ನ ಪೈಲಟ್ಟಿನ ಮುಂದಿರುವ ನಿಯಂತ್ರಣ ಚಕ್ರ ಯಾವ ಕಡೆಗೆ ವಾಲಿಕೊಂಡಿದೆ ಎಂದು ನೋಡುವುದು ರೂಢಿಯಾಗಬೇಕು. ವಾಲಿದ್ದರೆ ಎಂಜಿನ್ ಶಕ್ತಿಯ ವ್ಯತ್ಯಾಸ, ಟ್ಯಾಂಕುಗಳ ಇಂಧನದ ವ್ಯತ್ಯಾಸ, ಟ್ರಿಮ್ (ವಿಮಾನವನ್ನು ಸಮತೋಲದಲ್ಲಿಡುವ ಹೊಂದಾಣಿಕೆ), ಹಿಮ ಇವುಗಳನ್ನು ಇದೇ ಅನುಕ್ರಮದಲ್ಲಿ ಪರೀಕ್ಷಿಸಬೇಕು.

ವಿಮಾನ ನೆಟ್ಟಗಿದೆ, ಯಾರು ಹಾರಿಸುತ್ತಿದ್ದಾರೆ ಎಂಬುದು ಇತ್ಯರ್ಥವಾಗಿದೆ ಎಂದಾದ ಮೇಲೆ ಮೂರು ವೇಗಮಾಪಕಗಳನ್ನು ಹೋಲಿಸಬೇಕು: ಎಡದ್ದು, ಬಲದ್ದು, ನಡುವಿನ ಸ್ಟ್ಯಾಂಡ್‌ಬೈ. ಮೂರೂ ಒಂದೇ ಸಂಖ್ಯೆ ಹೇಳುತ್ತಿದ್ದು ಆ ಸಂಖ್ಯೆ ಮೂಗಿನ ಕೋನಕ್ಕೂ ಎಂಜಿನ್ ಶಕ್ತಿಗೂ ಹೊಂದುತ್ತಿದ್ದರೆ, ದೋಷ ಆಟೋಪೈಲಟ್ಟಿನ ಕಂಪ್ಯೂಟರಿನದು ಅಥವಾ ಗಾಳಿಯ ಹೊಡೆತದ್ದು. ಎರಡನೆಯ ಆಟೋಪೈಲಟ್ ಹಾಕಿ ನೋಡಬಹುದು. ಅದೂ ನಿಲ್ಲದಿದ್ದರೆ ಮತ್ತೆ ಮತ್ತೆ ಒತ್ತುತ್ತ ಕೂರದೆ, ಆ ಎತ್ತರದಲ್ಲಿ ಮುಂದುವರಿಯುವಂತಿಲ್ಲವೆಂದು ವಿಮಾನ ಸಂಚಾರ ನಿಯಂತ್ರಕರಿಗೆ (ಎಟಿಸಿ) ತಿಳಿಸಬೇಕು.

ಎರಡು ಮಾಪಕಗಳು ಒಂದು ಮಾತು ಹೇಳಿ ಮೂರನೆಯದು ಬೇರೆ ಹೇಳಿದರೆ ಒಂಟಿಯಾದದ್ದೇ ಸುಳ್ಳೆಂದು ನಾವು ಮಾತ್ರವಲ್ಲ, ವಿಮಾನದ ಕಂಪ್ಯೂಟರ್ ಕೂಡ ಭಾವಿಸುತ್ತದೆ. ಬಹುಪಾಲು ಸಂದರ್ಭಗಳಲ್ಲಿ ಅದು ಸರಿ. ಆದರೆ 2008ರ ನವೆಂಬರ್ 27ರಂದು ಫ್ರಾನ್ಸಿನ ಪೆರ್ಪಿನ್ಯಾಂ ಬಳಿ ಪರೀಕ್ಷಾ ಹಾರಾಟದಲ್ಲಿದ್ದ ಎ320 ಒಂದರಲ್ಲಿ, ಗಾಳಿಯ ಕೋನ, ಅಂದರೆ ರೆಕ್ಕೆಗೆ ಗಾಳಿ ಎದುರಾಗುವ ಕೋನ, ಅಳೆಯುವ ಎರಡು ಸಂವೇದಕಗಳು ಒಳಗೆ ಸೇರಿದ್ದ ನೀರು ಹೆಪ್ಪುಗಟ್ಟಿ ಒಂದೇ ಕೋನದಲ್ಲಿ ಸಿಕ್ಕಿಕೊಂಡಿದ್ದವು. ಸುಳ್ಳು ಹೇಳುವ ಇಬ್ಬರ ಬಹುಮತದ ಎದುರು ನಿಜ ಹೇಳುತ್ತಿದ್ದ ಮೂರನೆಯ ಸಂವೇದಕವನ್ನು ಕಂಪ್ಯೂಟರ್ ತಿರಸ್ಕರಿಸಿತು. ಏಳು ಮಂದಿ ಸತ್ತರು. ಸಾಕ್ಷಿಗಳ ಸಂಖ್ಯೆಯನ್ನು ನಂಬುವ ಬದಲು ಅವರಲ್ಲಿ ಯಾರ ಮಾತು ಮೂಗಿನ ಕೋನಕ್ಕೂ ಎಂಜಿನ್ ಶಕ್ತಿಗೂ ತಾಳೆಯಾಗುತ್ತದೆ ಎಂದು ನೋಡಬೇಕೆಂಬುದು ಇದರಿಂದಾಗಿ.

ವೇಗಮಾಪಕವೇ ಸುಳ್ಳು ಹೇಳಿದಾಗ

ವೇಗವನ್ನು ಅಳೆಯುವುದು ವಿಮಾನದ ಮೂಗಿನ ಬಳಿ ಮುಂದಕ್ಕೆ ಚಾಚಿಕೊಂಡಿರುವ ಬೆರಳು ಗಾತ್ರದ ಪಿಟೋ ನಳಿಕೆಗಳು. ಅವುಗಳ ಬಾಯಿ ಹಿಮದಿಂದಲೋ ಕಣಜದ ಗೂಡಿನಿಂದಲೋ ತೆಗೆಯಲು ಮರೆತ ಕವಚದಿಂದಲೋ ಮುಚ್ಚಿಹೋದರೆ ಕಂಪ್ಯೂಟರಿಗೆ ವೇಗವೇ ಗೊತ್ತಾಗದೆ, ಅದು ಆಟೋಪೈಲಟ್ಟನ್ನೂ ಆಟೋಥ್ರಸ್ಟನ್ನೂ ಪೈಲಟ್ಟಿನ ಮಡಿಲಿಗೆ ಹಾಕಿ ಹಿಂದೆ ಸರಿಯುತ್ತದೆ.

ಎ320ರಲ್ಲಿ ಇದಕ್ಕೆ ಬಾಯಿಪಾಠವಾಗಿರಬೇಕಾದ ಕ್ರಮವಿದೆ. ವಿಮಾನದ ಸುರಕ್ಷತೆಗೇ ಧಕ್ಕೆ ಬರುವ ಸ್ಥಿತಿಯಿದ್ದರೆ ಆಟೋಪೈಲಟ್, ಆಟೋಥ್ರಸ್ಟ್, ಫ್ಲೈಟ್ ಡೈರೆಕ್ಟರ್ ಮೂರನ್ನೂ ಆರಿಸಬೇಕು. ಆಮೇಲೆ, ಟೇಕಾಫ್ ಆದ ಕೂಡಲೇ ಆದರೆ ಮೂಗು 15 ಡಿಗ್ರಿ ಮತ್ತು ಪೂರ್ಣ ಶಕ್ತಿ. ಶಕ್ತಿ ತಗ್ಗಿಸುವ ಎತ್ತರ ದಾಟಿ 10,000 ಅಡಿಯ ಕೆಳಗಿದ್ದರೆ 10 ಡಿಗ್ರಿ ಮತ್ತು ಏರಿಕೆಯ ಶಕ್ತಿ. ಅದಕ್ಕೂ ಮೇಲಿದ್ದರೆ 5 ಡಿಗ್ರಿ ಮತ್ತು ಏರಿಕೆಯ ಶಕ್ತಿ. ಹೊಸ ಪೀಳಿಗೆಯ 737ರಲ್ಲಿ ರೆಕ್ಕೆಯ ಹಿಂಬದಿಯ ಫ್ಲ್ಯಾಪ್ ಚಾಚಿದ್ದರೆ 10 ಡಿಗ್ರಿ ಮತ್ತು ಶೇ. 80 ಎನ್1 (ಎಂಜಿನ್ನಿನ ಮುಂದಿನ ಫ್ಯಾನ್ ತಿರುಗುವ ವೇಗ), ಒಳಗಿದ್ದರೆ 4 ಡಿಗ್ರಿ ಮತ್ತು ಶೇ. 75 ಎನ್1. ಇವು ಉಸಿರು ತೆಗೆದುಕೊಳ್ಳಲು ಕೊಟ್ಟ ಸಂಖ್ಯೆಗಳು. ವಿಮಾನ ಸುರಕ್ಷಿತ ಎತ್ತರದಲ್ಲಿ ಸಮತಟ್ಟಾದ ಮೇಲೆ ಕೋಷ್ಟಕ ತೆರೆದು, ಆ ತೂಕಕ್ಕೂ ಎತ್ತರಕ್ಕೂ ತಕ್ಕ ಕೋನ ಮತ್ತು ಶಕ್ತಿಯನ್ನು ಹೊಂದಿಸಿ, ಜಿಪಿಎಸ್ ಹೇಳುವ ನೆಲದ ವೇಗಕ್ಕೆ ಗಾಳಿಯ ವೇಗವನ್ನು ಕೂಡಿ ಕಳೆದು ಯಾವ ಮಾಪಕ ನಂಬಿಕೆಗೆ ಅರ್ಹವೆಂದು ನಿರ್ಧರಿಸಬೇಕು.

ಈ ಕ್ರಮ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಏರ್ ಫ್ರಾನ್ಸ್ 447 ಸಾಕ್ಷಿ. ರಿಯೊ ಡಿ ಜನೈರೊದಿಂದ ಪ್ಯಾರಿಸ್ಸಿಗೆ ಹೊರಟಿದ್ದ ಆ ಎ330, 2009ರ ಜೂನ್ 1ರಂದು ಅಟ್ಲಾಂಟಿಕ್ ಮೇಲೆ 35,000 ಅಡಿಯಲ್ಲಿ ಹಿಮಕಣಗಳ ಮೋಡವನ್ನು ಹೊಕ್ಕಿತು. ಪಿಟೋ ನಳಿಕೆಗಳು ಮುಚ್ಚಿಹೋಗಿ ಆಟೋಪೈಲಟ್ ಕಳಚಿಕೊಂಡಿತು, ಸ್ಟಾಲ್ ಆಗದಂತೆ, ಅಂದರೆ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳದಂತೆ, ತಡೆಯುವ ರಕ್ಷಣೆಯೂ ಹೋಯಿತು. ನಳಿಕೆಗಳು ಸುಳ್ಳು ಹೇಳಿದ್ದು ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು. ಆ ಹೊತ್ತಿನಲ್ಲಿ ಮೂಗನ್ನು ಇದ್ದಲ್ಲೇ ಹಿಡಿದಿದ್ದರೆ ವಿಮಾನ ತನ್ನ ಪಾಡಿಗೆ ಹಾರಿಕೊಂಡಿರುತ್ತಿತ್ತು. ಆದರೆ ಕಡ್ಡಿ ಹಿಡಿದಿದ್ದ ಪೈಲಟ್ ಮೂಗನ್ನು ಮೇಲೆತ್ತಿದರು. ವಿಮಾನ ಸುಮಾರು 38,000 ಅಡಿಗೆ ಏರಿ, ವೇಗ ಕಳೆದುಕೊಂಡು, ಸ್ಟಾಲ್ ಆಗಿ, ಆಟೋಪೈಲಟ್ ಕಳಚಿಕೊಂಡ ನಾಲ್ಕೂವರೆ ನಿಮಿಷದೊಳಗೆ ಸಮುದ್ರಕ್ಕೆ ಬಿತ್ತು. 228 ಮಂದಿ ಸತ್ತರು.

ದೋಷ ಹುಡುಕುವವರಿಗೆ ಆ ಕಾಕ್‌ಪಿಟ್ಟಿನ ಎರಡು ಸಂಗತಿಗಳು ಮುಖ್ಯ. ಮಾಯವಾಗಿದ್ದ ಫ್ಲೈಟ್ ಡೈರೆಕ್ಟರಿನ ಗೆರೆಗಳು ಮಧ್ಯೆ ಮಧ್ಯೆ ಮರಳಿ ಬಂದು ಮೂಗನ್ನು ಮೇಲಕ್ಕೆತ್ತುವಂತೆ ಸೂಚಿಸುತ್ತಿದ್ದವು. ಅದನ್ನು ಮೊದಲೇ ಆರಿಸಬೇಕೆನ್ನುವುದು ಈ ಕಾರಣಕ್ಕೆ. ಎರಡನೆಯದು ಇನ್ನೂ ಕ್ರೂರವಾದದ್ದು. ಅಳೆದ ವೇಗ 60 ನಾಟ್‌ಗಿಂತ (ಗಂಟೆಗೆ ಸುಮಾರು 110 ಕಿಲೋಮೀಟರ್) ಕೆಳಗಿಳಿದಾಗ ಕಂಪ್ಯೂಟರ್ ಗಾಳಿಯ ಕೋನವನ್ನೂ ಅಮಾನ್ಯವೆಂದು ಪರಿಗಣಿಸುತ್ತಿದ್ದುದರಿಂದ ಸ್ಟಾಲ್ ಎಚ್ಚರಿಕೆ ನಿಂತುಹೋಗುತ್ತಿತ್ತು; ಪೈಲಟ್ ಮೂಗು ಇಳಿಸಿ ಸರಿಯಾದ ದಾರಿ ಹಿಡಿದ ಕ್ಷಣದಲ್ಲಿ ಅದು ಮತ್ತೆ ಕೂಗುತ್ತಿತ್ತು. ಸರಿ ಮಾಡಿದಾಗ ಬೈದು ತಪ್ಪು ಮಾಡಿದಾಗ ಸುಮ್ಮನಿರುವ ಎಚ್ಚರಿಕೆಯ ಎದುರು, ಆ ಮೂವರು ಪೈಲಟ್‌ಗಳನ್ನು ಅಜ್ಞಾನಿಗಳೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ.

ಇದೇ ಕಂತೆಯ ದೋಷವನ್ನು ಕ್ರಮಬದ್ಧವಾಗಿ ಬಿಡಿಸಿದ ನಿದರ್ಶನವೂ ಇದೆ. 2018ರ ಜುಲೈ 18ರ ರಾತ್ರಿ ಆಸ್ಟ್ರೇಲಿಯಾದ ಬ್ರಿಸ್ಬೇನಿನಿಂದ ಹೊರಟ ಮಲೇಷ್ಯಾ ಏರ್‌ಲೈನ್ಸ್‌ನ ಎ330 ಒಂದರಲ್ಲಿ ಮೂರೂ ಪಿಟೋ ನಳಿಕೆಗಳ ಕವಚಗಳನ್ನು ತೆಗೆದೇ ಇರಲಿಲ್ಲ. ಅಲ್ಲಿ ನಳಿಕೆಯೊಳಗೆ ಮಣ್ಣಿನ ಗೂಡು ಕಟ್ಟುವ ಕಣಜಗಳ ಕಾಟವಿರುವುದರಿಂದ ಕವಚ ಹಾಕುವ ಪರಿಪಾಠವಿದೆ. ಓಡುತ್ತಿರುವಾಗಲೇ ವೇಗದ ಸೂಚನೆ ಸರಿಯಿಲ್ಲವೆಂದು ತಿಳಿದು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಆದರೆ ಗಾಳಿಗೇರಿದ ಮೇಲೆ ಅವರು ಕೋನ ಮತ್ತು ಶಕ್ತಿಯನ್ನು ಹಿಡಿದು, ನಳಿಕೆಗಳಿಂದ ವೇಗವನ್ನು ಲೆಕ್ಕ ಹಾಕಿ ಸುಳ್ಳು ಹೇಳುತ್ತಿದ್ದ ಮೂರೂ ವಾಯುಮಾಹಿತಿ ಘಟಕಗಳನ್ನು ತಾವಾಗಿಯೇ ಆರಿಸಿಬಿಟ್ಟರು. ಮೂರೂ ಆರಿದಾಗ ಆ ವಿಮಾನದಲ್ಲಿ ಗಾಳಿಯ ಕೋನವನ್ನಾಧರಿಸಿದ ಹಸಿರು-ಕೆಂಪು ಬಣ್ಣದ ಬದಲಿ ವೇಗಪಟ್ಟಿ ತೆರೆದುಕೊಳ್ಳುತ್ತದೆ. ಅದನ್ನು ನೋಡಿಕೊಂಡು ಅವರು ಮರಳಿ ಬ್ರಿಸ್ಬೇನಿನಲ್ಲೇ ಸುರಕ್ಷಿತವಾಗಿ ಇಳಿದರು.

ಅರ್ಧ ಎಚ್ಚರವಿರುವ ಯಂತ್ರ

ಮೇಲಿನ ದೋಷಗಳಲ್ಲಿ ಸದ್ದಾದರೂ ಆಗುತ್ತದೆ. ಸದ್ದೇ ಮಾಡದ ದೋಷವನ್ನು ಹುಡುಕಲು ಮೋಡ್ ತೋರಿಸುವ ಪಟ್ಟಿಯೊಂದೇ ಗತಿ. ಬೆಂಗಳೂರಿನವರು ಇದನ್ನು ಮರೆಯಬಾರದು. 1990ರ ಫೆಬ್ರುವರಿ 14ರಂದು ಬೊಂಬಾಯಿನಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಆಗಿನ್ನೂ ಹೊಚ್ಚ ಹೊಸದಾಗಿದ್ದ ಎ320, ಹಗಲು ಹೊತ್ತಿನಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇಗೆ ಮುಂಚೆಯೇ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ತಾಗಿ, ದಿಣ್ಣೆಗೆ ಬಡಿದು, ಹೊತ್ತಿ ಉರಿಯಿತು. ಒಳಗಿದ್ದ 146 ಮಂದಿಯಲ್ಲಿ 92 ಮಂದಿ ಸತ್ತರು. ಆ ವಿಮಾನದಲ್ಲಿ ಯಾವ ಸಲಕರಣೆಯೂ ಕೆಟ್ಟಿರಲಿಲ್ಲ.

ಆದದ್ದು ಹೀಗೆ. ಇಳಿಯುವ ಹಾದಿಯಲ್ಲಿ ವಿಮಾನ ಐಡಲ್ ಓಪನ್ ಡಿಸೆಂಟ್ ಎಂಬ ಮೋಡಿನಲ್ಲಿತ್ತು. ಈ ಮೋಡಿನಲ್ಲಿ ಆಟೋಥ್ರಸ್ಟ್ ಎಂಜಿನ್ನುಗಳನ್ನು ಕನಿಷ್ಠ ಶಕ್ತಿಯಲ್ಲಿ ಇಟ್ಟುಬಿಡುತ್ತದೆ; ವೇಗ ಕಾಯುವ ಹೊಣೆ ಮೂಗನ್ನು ಏರಿಳಿಸುವ ಆಟೋಪೈಲಟ್ಟಿನದು, ಅದಿಲ್ಲದಿದ್ದರೆ ಫ್ಲೈಟ್ ಡೈರೆಕ್ಟರಿನ ಗೆರೆಗಳನ್ನು ಅನುಸರಿಸುವ ಪೈಲಟ್ಟಿನದು. ಪೈಲಟ್ ಗೆರೆಗಳನ್ನು ಬಿಟ್ಟು ಕಣ್ಣಂದಾಜಿನಲ್ಲಿ ರನ್‌ವೇ ಕಡೆಗೆ ಮೂಗು ಹಿಡಿದರೆ ವೇಗವನ್ನು ಕಾಯುವವರು ಯಾರೂ ಇರುವುದಿಲ್ಲ. ಆಟೋಥ್ರಸ್ಟ್ ವೇಗ ಕಾಯುವ ಮೋಡಿಗೆ ಬರಬೇಕಾದರೆ ಎರಡೂ ಬದಿಯ ಫ್ಲೈಟ್ ಡೈರೆಕ್ಟರ್‌ಗಳನ್ನು ಆರಿಸಬೇಕಿತ್ತು. ಆ ದಿನ ಒಂದು ಬದಿಯದು ಆರಿತ್ತು, ಇನ್ನೊಂದು ಹತ್ತಿಯೇ ಇತ್ತು. ವೇಗ ಇಳಿದದ್ದು ಅರಿವಿಗೆ ಬಂದು ಥ್ರಾಟಲ್ ಮುಂದೆ ನೂಕಿದಾಗ, ಕನಿಷ್ಠ ಶಕ್ತಿಯಿಂದ ಏಳಲು ಎಂಜಿನ್ನುಗಳಿಗೆ ಬೇಕಾದ ಸೆಕೆಂಡುಗಳು ಉಳಿದಿರಲಿಲ್ಲ. ಆಟೋಥ್ರಸ್ಟ್ ಆನ್ ಇದೆ ಎಂಬುದೂ ಅದು ವೇಗವನ್ನು ಕಾಯುತ್ತಿದೆ ಎಂಬುದೂ ಬೇರೆ ಬೇರೆ ಮಾತುಗಳೆಂದು ಅಂದು ತಿಳಿದ ಪಾಠವನ್ನು ನಮ್ಮ ಊರಿನ ಮಣ್ಣಿನಲ್ಲೇ ಕಲಿಯಬೇಕಾಯಿತು.

2009ರ ಫೆಬ್ರುವರಿ 25ರಂದು ಆಮ್‌ಸ್ಟರ್‌ಡಾಮ್ ಬಳಿ ಬಿದ್ದ ಟರ್ಕಿಶ್ ಏರ್‌ಲೈನ್ಸ್ 1951ರಲ್ಲಿ ನಿಜವಾಗಿ ಕೆಟ್ಟದ್ದು ನೆಲದಿಂದ ಎಷ್ಟು ಎತ್ತರವೆಂದು ರೇಡಿಯೊ ಅಲೆಯಿಂದ ಅಳೆಯುವ ಎಡಗಡೆಯ ರೇಡಿಯೊ ಆಲ್ಟಿಮೀಟರ್ ಮಾತ್ರ. ಅದು ಗಾಳಿಯಲ್ಲಿದ್ದಾಗಲೇ ಎತ್ತರವನ್ನು ಮೈನಸ್ 8 ಅಡಿ ಎಂದು ತೋರಿಸಿತು. ಹಾಕಿದ್ದ ಆಟೋಪೈಲಟ್ ಬಲಗಡೆಯದಾದ್ದರಿಂದ ಸರಿಯಾದ ಎತ್ತರವನ್ನೇ ಓದುತ್ತಿತ್ತು. ಆಟೋಥ್ರಾಟಲ್ ಮಾತ್ರ ಎಡಗಡೆಯ ಮಾತು ಕೇಳಿ, ಇನ್ನೇನು ನೆಲ ಮುಟ್ಟಿತು ಎಂದು ಭಾವಿಸಿ ಶಕ್ತಿಯನ್ನು ತಗ್ಗಿಸಿತು. ವಿಮಾನ ಹಾದಿಗಿಂತ ಮೇಲಿನಿಂದ ಇಳಿಯುತ್ತಿದ್ದುದರಿಂದ ಶಕ್ತಿ ತಗ್ಗಿದ್ದು ಪೈಲಟ್‌ಗಳಿಗೆ ಸಹಜವಾಗಿಯೇ ಕಂಡಿತು. ಒಂಬತ್ತು ಮಂದಿ ಸತ್ತರು. ಕ್ರಮ: ಒಂದು ಬದಿಯ ರೇಡಿಯೊ ಆಲ್ಟಿಮೀಟರ್ ಅನುಮಾನಾಸ್ಪದವೆನಿಸಿದರೆ, ಅದನ್ನು ನಂಬಿ ನಡೆಯುವ ಆಟೋಪೈಲಟ್ಟನ್ನೂ ಆಟೋಥ್ರಾಟಲನ್ನೂ ಇಳಿತಕ್ಕೆ ಬಳಸಬಾರದು.

ಥ್ರಾಟಲ್ ಕಡ್ಡಿಗಳ ವಿಷಯದಲ್ಲಿ ಎರಡು ಕುಟುಂಬಗಳಿಗೂ ಬೇರೆ ಬೇರೆ ಹೊಂಡಗಳಿವೆ. ಎ320ರಲ್ಲಿ ಆಟೋಥ್ರಸ್ಟ್ ಕೆಲಸ ಮಾಡುವಾಗ ಕಡ್ಡಿ ಅಲುಗುವುದಿಲ್ಲ. ಅದು ತಾನಾಗಿ ಕಳಚಿಕೊಂಡರೆ ಆ ಕ್ಷಣದಲ್ಲಿದ್ದ ಶಕ್ತಿಯೇ ಬೀಗ ಹಾಕಿದಂತೆ ನಿಲ್ಲುತ್ತದೆ ಮತ್ತು ಕಡ್ಡಿಯನ್ನು ಅಲ್ಲಾಡಿಸುವವರೆಗೆ ಬದಲಾಗುವುದಿಲ್ಲ. 737ರಲ್ಲಿ ಕಡ್ಡಿಗಳು ಅಲುಗುತ್ತವೆ, ಆದರೆ ಎರಡೂ ಸಮನಾಗಿ ಅಲುಗಲೇಬೇಕೆಂದಿಲ್ಲ. 2021ರ ಜನವರಿ 9ರಂದು ಜಕಾರ್ತಾದಿಂದ ಹೊರಟ ಶ್ರೀವಿಜಯ ಏರ್ 182ರಲ್ಲಿ ಬಲಗಡೆಯ ಕಡ್ಡಿ ಇದ್ದಲ್ಲೇ ನಿಂತು ಎಡಗಡೆಯದು ಮಾತ್ರ ಹಿಂದೆ ಸರಿಯಿತು. ಹೆಚ್ಚುತ್ತಿದ್ದ ವ್ಯತ್ಯಾಸವನ್ನು ಆಟೋಪೈಲಟ್ ಸರಿದೂಗಿಸುತ್ತಲೇ ಇತ್ತು. ಅದರ ಕೈ ಸೋತಾಗ ವಿಮಾನ ಎಡಕ್ಕೆ ಮಗುಚಿ ಜಾವಾ ಸಮುದ್ರಕ್ಕೆ ಬಿತ್ತು, 62 ಮಂದಿ ಸತ್ತರು. ಆಟೋಥ್ರಾಟಲ್ ತೊಂದರೆ ಕೊಡುತ್ತಿದೆ ಎಂದು ಲಾಗ್ ಪುಸ್ತಕದಲ್ಲಿ ಬರೆದಿರುವ ವಿಮಾನವನ್ನು ಹಾರಿಸುವವರು ಒಂದು ಕೈಯನ್ನು ಕಡ್ಡಿಗಳ ಮೇಲೆಯೇ ಇಟ್ಟುಕೊಂಡು, ಶಕ್ತಿ ಬದಲಾದಾಗಲೆಲ್ಲ ಎರಡೂ ಎನ್1 ಸಂಖ್ಯೆಗಳನ್ನು ಹೋಲಿಸಬೇಕು. ಅನುಮಾನ ಬಂದರೆ ಆಟೋಥ್ರಾಟಲ್ಲನ್ನು ಪೂರ್ತಿ ಆರಿಸುವುದೇ ಕ್ಷೇಮ.

ಆರಿಸಿ ಹಾಕಿ ನೋಡುವ ಚಟ

ಮನೆಯ ಸೆಟ್‌ಟಾಪ್ ಬಾಕ್ಸ್ ಕೆಟ್ಟರೆ ಸ್ವಿಚ್ ಆರಿಸಿ ಹಾಕುವವರೇ ನಾವೆಲ್ಲ. ವಿಮಾನದಲ್ಲೂ ಕೆಲವು ಕಂಪ್ಯೂಟರುಗಳನ್ನು ಹೀಗೆ ರೀಸೆಟ್ ಮಾಡಲು ಅವಕಾಶವಿದೆ, ಆದರೆ ಯಾವುದನ್ನು ನೆಲದಲ್ಲಿ, ಯಾವುದನ್ನು ಗಾಳಿಯಲ್ಲಿ ಎಂಬ ಭೇದವಿದೆ. 2014ರ ಡಿಸೆಂಬರ್ 28ರಂದು ಸುರಬಯದಿಂದ ಸಿಂಗಪುರಕ್ಕೆ ಹೊರಟ ಏರ್‌ಏಷ್ಯಾ 8501ರಲ್ಲಿ, ರಡ್ಡರಿನ ಚಲನೆಗೆ ಮಿತಿ ಹಾಕುವ ಘಟಕದ ಸೋಲ್ಡರ್ ಬಿರುಕಿನಿಂದ ಒಂದೇ ಎಚ್ಚರಿಕೆ ನಾಲ್ಕು ಸಲ ಬಂತು. ಹಿಂದಿನ ಹನ್ನೆರಡು ತಿಂಗಳಲ್ಲಿ ಇದೇ ದೋಷ 23 ಸಲ ದಾಖಲಾಗಿತ್ತು. ಮೊದಲ ಮೂರು ಸಲ ಪೈಲಟ್‌ಗಳು ಪರದೆ ಹೇಳಿದ ಕ್ರಮವನ್ನೇ ಮಾಡಿದರು. ನಾಲ್ಕನೆಯ ಸಲ, ಆ ಕಂಪ್ಯೂಟರಿನ ಸರ್ಕ್ಯೂಟ್ ಬ್ರೇಕರ್ ಎಳೆದದ್ದಕ್ಕೆ ತಕ್ಕ ಗುರುತುಗಳು ದಾಖಲೆಯಲ್ಲಿ ಸಿಕ್ಕವು. ವಿದ್ಯುತ್ ತಪ್ಪಿದ ಕೂಡಲೇ ಆಟೋಪೈಲಟ್ ಮತ್ತು ಆಟೋಥ್ರಸ್ಟ್ ಹೋದವು, ರಡ್ಡರ್ ಎರಡು ಡಿಗ್ರಿ ವಾಲಿತು, ಕೆಲವೇ ಸೆಕೆಂಡುಗಳಲ್ಲಿ ವಿಮಾನ 54 ಡಿಗ್ರಿ ಓರೆಯಾಯಿತು; 32,000 ಅಡಿಯಿಂದ 38,000 ಅಡಿಗೆ ಏರಿ, ಸ್ಟಾಲ್ ಆಗಿ ಬಿತ್ತು. 162 ಮಂದಿ ಸತ್ತರು. ಮೂಲ ದೋಷ ಸಣ್ಣ ಕಿರಿಕಿರಿ. ಅದನ್ನು ಸಹಿಸಿಕೊಂಡು ಸಿಂಗಪುರದಲ್ಲಿ ಇಳಿಯಬಹುದಿತ್ತು.

ರೀಸೆಟ್ ಮಾಡುವ ಮುನ್ನ ಕೇಳಿಕೊಳ್ಳಬೇಕಾದದ್ದು ಇಷ್ಟೇ: ಇದಕ್ಕೆ ಕೈಪಿಡಿಯಲ್ಲಿ ಗಾಳಿಯಲ್ಲೇ ಮಾಡುವ ಅನುಮತಿ ಇದೆಯೇ, ಈ ತಂತಿಯ ಮೇಲೆ ಇನ್ನು ಯಾರು ಯಾರು ಬದುಕಿದ್ದಾರೆ, ಮತ್ತು ಇದು ವಾಪಸು ಬರದಿದ್ದರೆ ಈಗಿರುವುದಕ್ಕಿಂತ ಕೆಟ್ಟ ಸ್ಥಿತಿ ಬರುತ್ತದೆಯೇ. ಕೇಳಿಕೊಳ್ಳುವಾಗ ಇಬ್ಬರಲ್ಲೊಬ್ಬರ ಕಣ್ಣು ದಿಗಂತ ತೋರಿಸುವ ಮಾಪಕವನ್ನು ಬಿಟ್ಟು ಕದಲಬಾರದು. 1972ರಲ್ಲಿ ಮಯಾಮಿ ಬಳಿ ಈಸ್ಟರ್ನ್ 401ರಲ್ಲಿ ಸುಟ್ಟ ಬಲ್ಬಿನ ಸುತ್ತ, 2007ರಲ್ಲಿ ಇಂಡೊನೇಷ್ಯಾದ ಆಡಂ ಏರ್ 574ರಲ್ಲಿ ದಿಕ್ಕು ತಪ್ಪಿದ ನ್ಯಾವಿಗೇಷನ್ ಘಟಕದ ಸುತ್ತ ಕಾಕ್‌ಪಿಟ್ಟಿನ ಎಲ್ಲರೂ ತಲೆ ಹಾಕಿದರು. ಎರಡರಲ್ಲೂ ಆಟೋಪೈಲಟ್ ಸದ್ದಿಲ್ಲದೆಯೋ ಯಾರಿಗೂ ಗಮನವಿಲ್ಲದೆಯೋ ಹಿಡಿತ ಬಿಟ್ಟಿತ್ತು.

ಕೈಯಲ್ಲೇ ಇಳಿಸುವಾಗ

ಆಟೋಪೈಲಟ್ ಇಲ್ಲದ ವಿಮಾನವನ್ನು ಇಳಿಸಲು ಬೇಕಾದ ಗಣಿತ ಬಾಯಿಲೆಕ್ಕದಷ್ಟೇ. ಕಳೆಯಬೇಕಾದ ಎತ್ತರವನ್ನು ಸಾವಿರ ಅಡಿಗಳಲ್ಲಿ ಹೇಳಿ ಮೂರರಿಂದ ಗುಣಿಸಿದರೆ ಇಳಿಯಲು ಬೇಕಾದ ದೂರ ನಾಟಿಕಲ್ ಮೈಲಿಗಳಲ್ಲಿ ಸಿಗುತ್ತದೆ: 30,000 ಅಡಿಗೆ 90 ಮೈಲಿ, ವೇಗ ತಗ್ಗಿಸಲು ಇನ್ನೊಂದು ಹತ್ತು. ಮೂರು ಡಿಗ್ರಿಯ ಹಾದಿಯಲ್ಲಿ ಪ್ರತಿ ಮೈಲಿಗೆ ಸುಮಾರು 300 ಅಡಿ ಇಳಿಯಬೇಕು. ನೆಲದ ವೇಗವನ್ನು ಐದರಿಂದ ಗುಣಿಸಿದರೆ ನಿಮಿಷಕ್ಕೆ ಇಳಿಯಬೇಕಾದ ಅಡಿಗಳು: 140 ನಾಟ್‌ಗೆ 700 ಅಡಿ. ರನ್‌ವೇ ಪಕ್ಕದಲ್ಲಿ ಇಳಿಯುವ ಹಾದಿಯ ಇಳಿಜಾರು ತೋರಿಸುವ ನಾಲ್ಕು ಪಾಪಿ (ಪಿಎಪಿಐ) ದೀಪಗಳಲ್ಲಿ ಎರಡು ಬಿಳಿ ಎರಡು ಕೆಂಪು ಕಂಡರೆ ಹಾದಿ ಸರಿ.

ಕೆಟ್ಟ ಸಲಕರಣೆ ನೆಲದಲ್ಲೂ ಇರಬಹುದು. 2013ರ ಜುಲೈ 6ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕಾಮಗಾರಿಯ ಕಾರಣ ಇಳಿಜಾರು ತೋರಿಸುವ ಗ್ಲೈಡ್‌ಸ್ಲೋಪ್ ಸೇವೆಯಲ್ಲಿರಲಿಲ್ಲ, ಆಕಾಶ ಶುಭ್ರವಾಗಿತ್ತು. ಏಷಿಯಾನಾ 214ರ ಪೈಲಟ್‌ಗಳು ಆಯ್ದ ಮೋಡಿನಿಂದಾಗಿ ಆಟೋಥ್ರಾಟಲ್ ಹೋಲ್ಡ್ ಸ್ಥಿತಿಗೆ ಹೋಗಿ ಸುಮ್ಮನೆ ಕೂತಿತ್ತು. 137 ನಾಟ್ ಇರಬೇಕಾದ ವೇಗ 103ಕ್ಕೆ ಇಳಿಯಿತು, ಬಾಲ ಸಮುದ್ರದ ಕಟ್ಟೆಗೆ ಬಡಿದು ಮೂವರು ಸತ್ತರು. ಆದ್ದರಿಂದ ಗಮನಿಸುವ ಪೈಲಟ್ 1,000 ಅಡಿಯಲ್ಲೂ 500 ಅಡಿಯಲ್ಲೂ ವೇಗ, ಇಳಿತದ ದರ, ಎಂಜಿನ್ ಶಕ್ತಿ ಮೂರನ್ನೂ ಗಟ್ಟಿಯಾಗಿ ಹೇಳಬೇಕು. ಇಳಿಯುವ ಹಾದಿಯಲ್ಲಿ ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲೇ ನಿಂತಿದ್ದರೆ, ಉಳಿದುದೆಲ್ಲ ಸರಿಯಿದ್ದರೂ ಮತ್ತೆ ಮೇಲೇರಿ ಹೊಸದಾಗಿ ಬರಬೇಕು.

ಲಾಗ್ ಪುಸ್ತಕದಲ್ಲಿ ಬರೆಯುವ ಸಾಲು

ಇಳಿದ ಮೇಲೆ ದೋಷ ಎಂಜಿನಿಯರ್ ಕೈಗೆ ಹೋಗುತ್ತದೆ, ಆದರೆ ನೆಲದಲ್ಲಿ ಆ ದೋಷ ಬಾಯಿ ಬಿಡದೆ ಇರಬಹುದು. ಹಿಮ ಕರಗಿರುತ್ತದೆ, ಬಿರುಕು ಬಿಸಿಲಿಗೆ ಮುಚ್ಚಿಕೊಂಡಿರುತ್ತದೆ. ಆಟೋಪೈಲಟ್ ಕೆಲಸ ಮಾಡಲಿಲ್ಲ ಎಂದಷ್ಟೇ ಬರೆದರೆ ಅವರು ಪರೀಕ್ಷೆಯ ಗುಂಡಿ ಒತ್ತಿ, ಸರಿಯಿದೆ ಎಂದು ಬರೆದು ಸಹಿ ಹಾಕುತ್ತಾರೆ; ಅದು ಅವರ ತಪ್ಪೂ ಅಲ್ಲ. ಯಾವ ಆಟೋಪೈಲಟ್, ಎಷ್ಟು ಗಂಟೆಗೆ, ಯಾವ ಎತ್ತರ, ಹೊರಗಿನ ಉಷ್ಣಾಂಶ ಎಷ್ಟು, ಮೋಡದೊಳಗೋ ಹೊರಗೋ, ಆಗ ಯಾವ ಮೋಡ್ ಇತ್ತು, ಮೂರೂ ಮಾಪಕಗಳು ಎಷ್ಟೆಷ್ಟು ತೋರಿಸಿದವು, ಎರಡೂ ಎನ್1 ಎಷ್ಟಿತ್ತು, ಚಕ್ರ ಯಾವ ಕಡೆ ವಾಲಿತ್ತು, ಎರಡನೆಯ ಆಟೋಪೈಲಟ್ ನಿಂತಿತೇ, ಏನನ್ನಾದರೂ ರೀಸೆಟ್ ಮಾಡಲಾಯಿತೇ ಎಂಬುದನ್ನು ಇಳಿಯುವ ಮೆಟ್ಟಿಲು ಬರುವ ಮುನ್ನವೇ, ನೆನಪು ಹಸಿಯಾಗಿರುವಾಗ ಬರೆಯಬೇಕು. ಇದೇ ದೋಷ ಹಿಂದಿನ ಪುಟಗಳಲ್ಲೂ ಇದ್ದರೆ ಆ ದಿನಾಂಕಗಳನ್ನೂ ಅದೇ ಸಾಲಿನಲ್ಲಿ ಸೇರಿಸಬೇಕು.